ಕೈಕೊಡುವ ಇಮೇಲ್ ತಂತ್ರಾಂಶವನ್ನು ಕಕ್ಕಡ ದಾಟಿಸಿದ್ದು

ಕೊಡಗಿನ ನಾಪೋಕ್ಲು ಸಮೀಪದ ನಮ್ಮ ತೋಟದ ಮನೆಯಲ್ಲಿ ಮೂರು ಕೋಣೆಗಳ ಹೋಂಸ್ಟೇ ಇದೆ. ಬುಕಿಂಗ್ ವ್ಯವಹಾರವೆಲ್ಲ ಇಮೇಲ್‌ನಲ್ಲೇ. ಮಳೆಗಾಲದಲ್ಲಿ ತಂತಿಯ ಮೇಲೆ ಸಿಲ್ವರ್ ಓಕ್ ಮರವೊಂದು ಬಿದ್ದರೆ ಕರೆಂಟೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಹಾಗಾಗಿ ಪತ್ರಗಳೆಲ್ಲ ನನ್ನ ಲ್ಯಾಪ್‌ಟಾಪಿನಲ್ಲೇ ಇರಲೆಂದು ಆಫ್‌ಲೈನ್‌ಐಮ್ಯಾಪ್ ಹಾಕಿಕೊಂಡೆ. ಸರ್ವರ್‌ನಲ್ಲಿರುವ ಪತ್ರಗಳನ್ನು ಪತ್ರಕ್ಕೊಂದು ಕಡತದಂತೆ ಇಳಿಸಿ, ಎರಡೂ ಕಡೆ ಒಂದೇ ಇರುವಂತೆ ನೋಡಿಕೊಳ್ಳುವ ಉಚಿತ ತಂತ್ರಾಂಶ ಅದು.

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ಕಾಲದಲ್ಲಿ, ನಾಲ್ಕು ದಿನ ಒಂದೂ ಪತ್ರ ಬರಲಿಲ್ಲ. ಈ ಮಳೆಗೆ ಯಾರು ಬರುತ್ತಾರೆ ಎಂದು ಸುಮ್ಮನಿದ್ದೆ. ಐದನೆಯ ದಿನ ಒಂದು ಕುಟುಂಬ ಅಂಗಳದಲ್ಲಿ ಬಂದಿಳಿಯಿತು. "ಮೇಲ್ ಮಾಡಿದ್ದೆವಲ್ಲ ಸಾರ್" ಎಂದರು. ಅಂದು ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದುಸೊಪ್ಪು ಎಂಬ ಔಷಧಿ ಗಿಡದ ಅಡುಗೆ ಮಾಡುವ ದಿನ. ಮನೆಯಲ್ಲಿ ಮದ್ದುಸೊಪ್ಪಿನ ಪಾಯಸವಾಗಿತ್ತು, ಮಾನ ಉಳಿಯಿತು. (ಮರುದಿನ ಮೂತ್ರದ ಬಣ್ಣ ಬದಲಾಗುತ್ತದೆ ಎಂದು ಅವರಿಗೆ ಹೇಳಲು ಮರೆತೆ. ಬೆಳಗ್ಗೆ ಗಾಬರಿಯಾಗಿದ್ದರು.)

ರಾತ್ರಿ ಕುಳಿತು ನೋಡಿದರೆ ತಂತ್ರಾಂಶ ಓಡುತ್ತಲೇ ಇತ್ತು. ಸತ್ತಿರಲಿಲ್ಲ, ಬದುಕಿಯೂ ಇರಲಿಲ್ಲ. ಕರೆಂಟು ಹೋದಾಗ ರೌಟರ್ ಯಾರಿಗೂ ಹೇಳದೆ ಆರಿಹೋಗುತ್ತದೆ. ಸಂಪರ್ಕ ಮುಗಿಯಿತೆಂಬ ಸೂಚನೆ ಲ್ಯಾಪ್‌ಟಾಪಿಗೆ ತಲುಪುವುದಿಲ್ಲ. ಕೊನೆಯ ಬಸ್ ಹೋದ ಮೇಲೂ ಭಾಗಮಂಡಲದ ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತವನ ಹಾಗೆ ಅದು ಸರ್ವರ್‌ನ ಉತ್ತರಕ್ಕೆ ಕಾಯುತ್ತಲೇ ಇತ್ತು.

ಸೆಟ್ಟಿಂಗ್ ಕಡತದಲ್ಲಿ, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ಸಾಕ್‌ಟೈಮ್‌ಔಟ್ ಎಂಬ ಸಾಲನ್ನು 60 ಸೆಕೆಂಡಿಗೆ ಇಟ್ಟೆ. ಪರಿಸ್ಥಿತಿ ಸುಧಾರಿಸಿತು, ಆದರೂ ವಾರಕ್ಕೊಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಆಗ ಅದನ್ನು ರಿಪೇರಿ ಮಾಡುವ ಹಟ ಬಿಟ್ಟು, ದೀರ್ಘಕಾಲ ಓಡಲು ಬಿಡುವುದನ್ನೇ ನಿಲ್ಲಿಸಿದೆ. ತಾನಾಗಿ ಮತ್ತೆ ಮತ್ತೆ ನೋಡುವ ಆಟೋರಿಫ್ರೆಶ್ ತೆಗೆದುಹಾಕಿ, ಒಂದೇ ಸಲ ಓಡಿ ಮುಗಿಯುವಂತೆ ಮಾಡಿದೆ. ಮುಗಿದ ಐದು ನಿಮಿಷಕ್ಕೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಹಿನ್ನೆಲೆಯ ಕೆಲಸಗಳನ್ನು ನಡೆಸುವ ವ್ಯವಸ್ಥೆ) ತನ್ನ ಟೈಮರ್‌ನಿಂದ ಮತ್ತೆ ಎಬ್ಬಿಸುತ್ತದೆ. ಮೂರು ನಿಮಿಷದಲ್ಲಿ ಮುಗಿಯದಿದ್ದರೆ ನಿಲ್ಲು ಎನ್ನುತ್ತದೆ. ಮತ್ತೆ 90 ಸೆಕೆಂಡಿನಲ್ಲಿ ಕೇಳದಿದ್ದರೆ ಕೊಲ್ಲುತ್ತದೆ. ಇಲ್ಲಿ ನಾನೊಮ್ಮೆ ಎಡವಿದೆ: ಒಂದೇ ಸಲ ಓಡುವ 'ಒನ್‌ಶಾಟ್' ಬಗೆಯ ಕೆಲಸಕ್ಕೆ ಸಿಸ್ಟಮ್‌ಡಿ ತಾನಾಗಿ ಯಾವ ಕಾಲಮಿತಿಯನ್ನೂ ಹಾಕುವುದಿಲ್ಲ. ಟೈಮ್‌ಔಟ್‌ಸ್ಟಾರ್ಟ್‌ಸೆಕ್ ಸಾಲನ್ನು ನಾವೇ ಬರೆಯಬೇಕು. ಸಾವಿರಾರು ಪತ್ರಗಳನ್ನು ಇಳಿಸುವ ಮೊದಲ ಸಲಕ್ಕೆ ಮೂರು ನಿಮಿಷ ಸಾಲದು. ಅದನ್ನು ಕೈಯಾರೆ ಓಡಿಸಿದೆ.

ಪ್ರತಿ ಯಶಸ್ವಿ ಓಟದ ನಂತರ ಒಂದು ಖಾಲಿ ಕಡತದ ಸಮಯ ಬದಲಾಗುತ್ತದೆ. ಅದು ಒಂದು ಗಂಟೆಗಿಂತ ಹಳತಾದರೆ ಪರದೆಯ ಮೇಲೆ ಕೆಂಪು ಪಟ್ಟಿ ಬರುತ್ತದೆ. ಪತ್ರ ಬಂದಿಲ್ಲವೋ, ತರುವವನೇ ಬಂದಿಲ್ಲವೋ ಎಂಬುದು ಈಗ ಗೊತ್ತಾಗುತ್ತದೆ. ನನಗೆ ಬೇಕಾಗಿದ್ದದ್ದು ಇಷ್ಟೇ.

ಒಂದು ದಡ್ಡತನವನ್ನೂ ಹೇಳಬೇಕು. ಸಿಟ್ಟಿನಲ್ಲಿ ಒಮ್ಮೆ, ಹೊಸದಾಗಿ ಶುರುವಾಗಲಿ ಎಂದು, ಹಿಂದಿನ ಸಲ ಏನೇನಿತ್ತು ಎಂದು ತಂತ್ರಾಂಶ ಬರೆದಿಟ್ಟುಕೊಳ್ಳುವ ಫೋಲ್ಡರನ್ನೇ ಅಳಿಸಿದೆ. ಲ್ಯಾಪ್‌ಟಾಪಿನಲ್ಲಿ ನಾನು ಅಳಿಸಿ, ಸರ್ವರ್‌ನಿಂದ ಇನ್ನೂ ಅಳಿಯದಿದ್ದ ಪತ್ರಗಳೆಲ್ಲ ಮರುಜನ್ಮ ಪಡೆದು ಬಂದವು. ಈಗ ಆ ಫೋಲ್ಡರಿನ ಹೆಸರು ಒಂದು ಚೀಟಿಯಲ್ಲಿ 'ಮುಟ್ಟಬೇಡ' ಎಂಬ ಮಾತಿನೊಂದಿಗೆ ಲ್ಯಾಪ್‌ಟಾಪಿಗೆ ಅಂಟಿಕೊಂಡಿದೆ.