ಹಾಡುವವರು ವಾದ್ಯಸಂಗೀತ ಕೇಳುವ ಕ್ರಮ

ಹಾಡುವವರು ಬರೀ ಹಾಡುಗಾರಿಕೆ ಕೇಳುತ್ತಿದ್ದರೆ ಸಾಹಿತ್ಯ ಮತ್ತು ಗಾಯಕರ ದನಿ ಮೊದಲು ಮನಸ್ಸಿಗೆ ಹತ್ತುತ್ತವೆ, ಸ್ವರ ಹಿಂದೆ ಬೀಳುತ್ತದೆ. ವಾದ್ಯದಲ್ಲಿ ಮಾತಿಲ್ಲದ್ದರಿಂದ ಸ್ವರದ ನಡೆಯೇ ಎದುರಿಗಿರುತ್ತದೆ.

ವೀಣೆಯಿಂದ ಶುರು ಮಾಡಿ. ವೈಣಿಕ ದೊರೆಸ್ವಾಮಿ ಅಯ್ಯಂಗಾರರ ಮೈಸೂರು ಬಾನಿಯಲ್ಲಿ (ನುಡಿಸುವ ಶೈಲಿಯಲ್ಲಿ) ಮೀಟು ಬಿಡಿಬಿಡಿಯಾಗಿ ಕೇಳುವುದರಿಂದ ಕಲಿಯುವವರಿಗೆ ಅನುಕೂಲ. ತೋಡಿಯಂಥ ರಾಗದ ಆಲಾಪನೆ ಐದು ನಿಮಿಷ ಸಾಕು. ತೋಡಿಯ ಗಾಂಧಾರ ಒಂದೆಡೆ ನಿಲ್ಲದೆ ರಿಷಭ, ಮಧ್ಯಮಗಳ ನಡುವೆ ತೂಗುತ್ತದೆ. ತಂತಿ ಎಷ್ಟು ಎಳೆದರು, ಯಾವಾಗ ಬಿಟ್ಟರು ಎಂಬುದನ್ನು ಗಮನಿಸಿ. ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಬಾಯಿ ಮುಚ್ಚಿ ಗುನುಗಿ. ಆಮೇಲೆ ಒಂದೊಂದೇ ಸಂಚಾರಕ್ಕೆ (ಸ್ವರಗಳ ಒಂದು ಓಟಕ್ಕೆ) ನಿಲ್ಲಿಸಿ, ಅಕಾರದಲ್ಲಿ, ಅಂದರೆ ‘ಆ’ ಎಂದು ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹೋಲಿಸಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಗಮಕವನ್ನು (ಸ್ವರದ ತೂಗಾಟವನ್ನು) ಗಂಟಲು ನಡುಗಿಸಿ ತರುತ್ತಾರೆ. ಅದು ಸ್ವರದಿಂದ ಸ್ವರಕ್ಕೆ ಹೋಗಿ ಬರುವ ದಾರಿ, ಬರೀ ನಡುಕವಲ್ಲ.

ಉಸಿರಿನ ಪಾಠಕ್ಕೆ ಕೊಳಲೇ ಗುರು. ನುಡಿಸುವವರು ಉಸಿರೆಳೆಯುವ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಪಿಟೀಲಿನ ಕಮಾನಿಗೆ ಉಸಿರಿನ ಹಂಗಿಲ್ಲ, ಅದರ ಉದ್ದದ ಸಂಚಾರಗಳನ್ನು ಒಂದೇ ಉಸಿರಿಗೆ ಹಾಡಹೋಗಬೇಡಿ. ವಾದ್ಯ ತಾರಸ್ಥಾಯಿಗೆ (ಮೇಲಿನ ಸ್ಥಾಯಿಗೆ) ಏರಿದಾಗ ನೀವು ಒಂದು ಸ್ಥಾಯಿ ಕೆಳಗೆ ಹಾಡಿ. ಶ್ರುತಿಯೂ ನಿಮ್ಮದೇ ಇರಲಿ, ನಿಮ್ಮದು ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಮನೆಯೋ ಐದು ಮನೆಯೋ, ವಾದ್ಯದ ಶ್ರುತಿಗೆ ಗಂಟಲು ಎಳೆಯಬೇಡಿ.

ಮಲೆನಾಡಿನಲ್ಲಿ ಜೂನ್‌ನಿಂದ ಮಳೆ ಹಿಡಿದರೆ ತಗಡಿನ ಮಾಡಿನ ಸದ್ದಿಗೆ ವೀಣೆಯ ಸಣ್ಣ ನಾದ ಮುಚ್ಚಿಹೋಗುತ್ತದೆ, ಇಯರ್‌ಫೋನ್ ಹಾಕಿಕೊಳ್ಳಿ. ಮರದ ತಂಬೂರಿ ಥಂಡಿಗೆ ಶ್ರುತಿ ಬಿಡುವುದರಿಂದ ಕೂರುವ ಮೊದಲೂ ನಡುವೆಯೂ ಶ್ರುತಿ ನೋಡಿಕೊಳ್ಳಿ.