ಹಳೇ ಟಿವಿ ಗೇಮ್‌ನಾಗ ಆಕ್ಟಿವಿಷನ್ ಆಟ ಹುಡುಕೋದು ಹೆಂಗ

ಬಳ್ಳಾರಿ ಕೌಲ್ ಬಜಾರ್ ಕಡೆ ಗುಜರಿ ಅಂಗಡ್ಯಾಗರ, ಯಾರರ ಮನಿ ಅಟ್ಟದ ಮ್ಯಾಲರ ಹಳೇ ಟಿವಿ ಗೇಮ್ ಸೆಟ್ ಕಂಡ್ರ ಮೊದ್ಲು ಕೈಯಾಗ ಹಿಡಿಯೋದನ್ನ ನೋಡ್ರಿ. ಎರಡು ಬಟನ್ನು, ಸ್ಟಾರ್ಟು, ಸೆಲೆಕ್ಟು ಇರೋ ಚಪ್ಪಟೆ ಪ್ಯಾಡ್ ಇತ್ತಂದ್ರ ಅದು ನಿಂಟೆಂಡೊ ನಕಲು, ಮಾರಿಯೊ ಕಾಂಟ್ರಾ ಆಡೋ ಸೆಟ್ಟು, ಅದನ್ನ ಸದ್ಯ ಬಾಜೂಕ ಇಡ್ರಿ. ಉದ್ದ ಕಡ್ಡಿ, ಒಂದೇ ಬಟನ್ನು, ಆಟ ಎಲ್ಲಾ ಸೆಟ್ಟಿನ ಒಳಗ ತುಂಬಿಟ್ಟಿದ್ರ ಅದು ಬಹುತೇಕ ಅಟಾರಿ 2600 ಅನ್ನೋ ಹಳೇ ಅಮೆರಿಕದ ಗೇಮ್ ಮಷೀನಿನ ನಕಲು. ನಮಗ ಬೇಕಾಗಿದ್ದು ಅದು, ಆಕ್ಟಿವಿಷನ್ ಕಂಪನಿಯವರ ಹಳೇ ಆಟ ಅದರಾಗ ಸಿಗ್ತಾವು.

ಚಾಲೂ ಮಾಡೋಕಿಂತ ಮೊದ್ಲು ಅಡಾಪ್ಟರ್ ಚೆಕ್ ಮಾಡ್ರಿ, ಎಷ್ಟು ವೋಲ್ಟು, ಪ್ಲಸ್ಸು ಪಿನ್ನಿನ ಒಳಗೋ ಹೊರಗೋ ಅಂತ ಸೆಟ್ಟಿನ ತಳದಾಗ ಅಚ್ಚು ಹಾಕಿರ್ತಾರ. ಒರಿಜಿನಲ್ ಅಟಾರಿಗೆ 9 ವೋಲ್ಟ್, ಪ್ಲಸ್ಸು ಒಳಗ, ಆದ್ರ ನಕಲು ಮಾಡಿದವ ಅದನ್ನೇ ಪಾಲಿಸಿರ್ತಾನ ಅಂತ ನಂಬಬ್ಯಾಡ್ರಿ, ಉಲ್ಟಾ ಕೊಟ್ರ ಸುಟ್ಟು ಹೋಗ್ತೈತಿ. ಟಿವಿಗೆ ಚಿತ್ರ ಕೊಡೋ ಹಳದಿ ಪಿನ್ನು ಇಲ್ಲಂದ್ರ ಆಂಟೆನಾ ವೈರ್ ಹಾಕಿ ಟಿವಿನಾಗ ಅನಲಾಗ್ ಚಾನಲ್ ಸ್ಕ್ಯಾನ್ ಮಾಡ್ರಿ, ಪುಣ್ಯ ಇದ್ರ ಗೊರಗೊರ ಅನ್ಕೋತ ಚಿತ್ರ ಬರ್ತೈತಿ.

ಈಗ ಆಟ ಹಚ್ಚಿ ಸ್ಕ್ರೀನಿನ ತಳಕ್ಕ ಕಣ್ಣಿಡ್ರಿ. ಒರಿಜಿನಲ್ ಆಟ ಆದ್ರ ಅಲ್ಲಿ ಬಣ್ಣಬಣ್ಣದ ಪಟ್ಟಿ ಜೊತಿಗೆ ಆಕ್ಟಿವಿಷನ್ ಅಂತ ಸಣ್ಣಗ ಇರ್ತೈತಿ, ಬಹಳ ಆಟದಾಗ ಅದು ಸರದು ಕಾಪಿರೈಟ್ ವರ್ಷ ಬರ್ತೈತಿ. ನಕಲು ಸೆಟ್‌ನಾಗ ಬಹಳ ಕಡೆ ಆ ಜಾಗ ಅಳಿಸಿರ್ತಾರ, ತಳದಾಗ ಖಾಲಿ ಪಟ್ಟಿ ಅಷ್ಟೇ ಉಳದಿರ್ತೈತಿ. ಹೆಸರು ಇಲ್ಲಂದ್ರ ಆಟದ ಮ್ಯಾಲೇ ಗುರ್ತು ಹಿಡಿಬೇಕು. ಕೋಳಿ ರೋಡ್ ದಾಟೋದು ಫ್ರೀವೇ. ಹೊಳಿ ಮ್ಯಾಲೆ ಇಮಾನ, ನಡುನಡುವ ಬ್ರಿಡ್ಜು, ಫ್ಯೂಯಲ್ ತುಂಬಿಸ್ಕೊಳ್ಳೋದು ರಿವರ್ ರೇಡ್. ಮೊಸಳಿ ತಲಿ ಮ್ಯಾಲೆ ಜಿಗಿಯೋದು, ಬಳ್ಳಿ ಹಿಡದು ತೂಗೋದು ಪಿಟ್‌ಫಾಲ್. ಹಗಲು ಹೋಗಿ ರಾತ್ರಿ ಆಗೋದು, ಮಂಜು ಬೀಳೋದು ಇರೋ ಕಾರ್ ರೇಸು ಎಂಡ್ಯೂರೊ. ಅಂಗಡಿ ಒಳಗ ಎಸ್ಕಲೇಟರ್ ಹತ್ತಿ ಕಳ್ಳನ್ನ ಹಿಡಿಯೋ ಪೊಲೀಸಂದು ಕೀಸ್ಟೋನ್ ಕೇಪರ್ಸ್.

ತಳದಾಗಿನ ಆ ಹೆಸರಿನ ಹಿಂದ ದೊಡ್ಡ ಜಗಳ ಐತಿ, ಅದು ಗೊತ್ತಿಲ್ದ ಆಡಿದ್ರ ಅರ್ಧ ಮಜಾ ಹೋತು. ನಮ್ಮೂರಾಗ ಜೀನ್ಸ್ ಹೊಲಿಯೋರಿಗೆ ಹೆಂಗ ಪ್ಯಾಂಟಿನ ಸೊಂಟದ ಮ್ಯಾಲೆ ಹೆಸರು ಇರಂಗಿಲ್ಲೋ ಹಂಗ ಅಟಾರಿ ಕಂಪನಿನಾಗ ಆಟ ಬರದವರಿಗೂ ಡಬ್ಬಿ ಮ್ಯಾಲೆ ಹೆಸರು ಇರ್ತಿದ್ದಿಲ್ಲ. ಆಗ ಒಂದು ಆಟ ಅಂದ್ರ ಸಾಮಾನ್ಯವಾಗಿ ಒಬ್ಬನೇ ಕುಂತು ಚಿತ್ರ, ಸೌಂಡು, ಕೋಡು ಎಲ್ಲಾ ಮಾಡ್ತಿದ್ದ, ಅದೂ 128 ಬೈಟ್ ಮೆಮರಿ ಇರೋ ಮಷೀನಿಗೆ. 1979ರಾಗ ಕಂಪನಿಯವರು ಯಾವ ಆಟ ಎಷ್ಟು ಮಾರಿತು ಅಂತ ಒಂದು ಪಟ್ಟಿ ಹಂಚಿದ್ರು, ಅಲ್ಲೇ ಆಟ ಬರೀತಿದ್ದ ಡೇವಿಡ್ ಕ್ರೇನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕ್ಯಾಪ್ಲನ್ ಕೂಡಿ ಲೆಕ್ಕ ಹಾಕಿದ್ರ ಮಷೀನಿಗೆ ಸಿಗಿಸೋ ಆಟದ ಕ್ಯಾಸೆಟ್ ವ್ಯಾಪಾರದಾಗ ಅರ್ಧಕ್ಕಿಂತ ಜಾಸ್ತಿ ಈ ನಾಕು ಮಂದಿದೇ! ಬಾಸ್ ರೇ ಕಸಾರ್ ಹತ್ರ ಹೋಗಿ ಹೆಸರು ಹಾಕ್ರಿ, ಪಾಲು ಕೊಡ್ರಿ ಅಂದ್ರು. ಕ್ರೇನ್ ಆಮ್ಯಾಲೆ ಹೇಳ್ಕೊಂಡ ಪ್ರಕಾರ, ಲೈನಿನಾಗ ಕ್ಯಾಸೆಟ್ ಜೋಡ್ಸೋರಿಗಿಂತ ನೀವೇನು ಹೆಚ್ಚಲ್ಲ ಅನ್ನೋ ಥರದ ಉತ್ತರ ಬಂತು. ಕಸಾರ್ ಅದಕ್ಕೂ ಮೊದ್ಲು ಜವಳಿ ಕಂಪನಿನಾಗ ಇದ್ದವರು. ಜೋಡ್ಸೋರೂ ಮುಖ್ಯನೇ ಬಿಡ್ರಿ, ನನ್ನ ತಕರಾರು ಅದಲ್ಲ, ಇಬ್ಬರ ಹೆಸರೂ ಹಾಕಿದ್ರ ಏನ್ ಕಳಕೋತಿದ್ರು ಅಂತ.

ನಾಕೂ ಮಂದಿ ಹೊರಗ ಬಂದ್ರು, ಮ್ಯೂಸಿಕ್ ವ್ಯಾಪಾರ ಗೊತ್ತಿದ್ದ ಜಿಮ್ ಲೆವಿ ಜೊತಿ ಸೇರಿ 1979 ಅಕ್ಟೋಬರ್‌ನಾಗ ಆಕ್ಟಿವಿಷನ್ ಶುರು ಮಾಡಿದ್ರು. ಬ್ಯಾರೆಯವ್ರ ಮಷೀನಿಗೆ ಆಟ ಮಾಡಿ ಮಾರೋಕಂತಲೇ ಹುಟ್ಟಿದ ಮೊದಲ ಕಂಪನಿ ಅಂತ ಇದನ್ನ ಹೇಳ್ತಾರ. ಹಾಡು ಹಾಡಿದವ್ರನ್ನ ಹೆಂಗ ಕ್ಯಾಸೆಟ್ ಕವರಿನ ಮ್ಯಾಲೆ ತೋರಸ್ತಾರೋ ಅದೇ ರೂಢಿ ಲೆವಿ ಇಲ್ಲಿ ತಂದ, ಮ್ಯಾನುಯಲ್‌ನಾಗ ಆಟ ಮಾಡಿದವರ ಫೋಟೊ, ಅವರೇ ಬರದ ಟಿಪ್ಸು. ಸಿಟ್ಟಾದ ಅಟಾರಿ 1980ರಾಗ ಕೇಸ್ ಹಾಕಿತು, 1982ರಾಗ ರಾಜಿ ಆತು, ಆಕ್ಟಿವಿಷನ್ ರಾಯಲ್ಟಿ ಕೊಡೋದಕ್ಕ ಒಪ್ಪಿಕೊಂತು. ಅಲ್ಲಿಗೆ ಬಾಗಿಲು ತೆರದು ಕಂಡಕಂಡವರೆಲ್ಲ ಆಟ ಮಾಡೋಕ ಇಳದ್ರು, ಓಟ್ಸ್ ಮಾರೋ ಕ್ವೇಕರ್ ಕಂಪನಿ ಸುದ್ದಾ!

ಆಡೋದು ವರ್ಷದ ಪ್ರಕಾರ ಆಡ್ರಿ. 1980ರ ಡ್ರಾಗ್‌ಸ್ಟರ್, ಬಾಕ್ಸಿಂಗ್, ಫಿಶಿಂಗ್ ಡರ್ಬಿ, ಚೆಕರ್ಸ್ ಒಂದೊಂದು ಸಲ ಸಾಕು, ಚೆಕರ್ಸ್ ಅಂತೂ ನನಗ ನಿದ್ದಿ ಬರ್ತೈತಿ. 1981ರ ಕಬೂಮ್ ಬಹಳ ಚಲೋ ಆಟ ಆದ್ರ ಅದಕ್ಕ ತಿರುವೋ ಪ್ಯಾಡಲ್ ಬೇಕು, ಕಡ್ಡಿ ಜಾಯ್‌ಸ್ಟಿಕ್ಕಿನಾಗ ಆಗಂಗಿಲ್ಲ. 1982ಕ್ಕ ಬಂದ ಮ್ಯಾಲೆ ಟೈಮ್ ಕೊಡ್ರಿ. ಕ್ರೇನ್ ಮಾಡಿದ ಪಿಟ್‌ಫಾಲ್‌ನಾಗ 255 ಸ್ಕ್ರೀನ್ ಅದಾವು, ಇಡೀ ಆಟ 4 ಕಿಲೋಬೈಟ್, ಹೆಂಗಂದ್ರ ಪ್ರತಿ ಸ್ಕ್ರೀನಿನ ನಕ್ಷೆ ಬ್ಯಾರೆ ಬ್ಯಾರೆ ಕೂಡಿಟ್ಟಿಲ್ಲ, ಒಂದು ನಂಬರಿಂದ ಮುಂದಿನ ನಂಬರ್ ಹುಟ್ಟಸೋ ಸೂತ್ರ ಐತಿ, ಆ ನಂಬರೇ ಈ ಸ್ಕ್ರೀನಿನಾಗ ಮೊಸಳಿ ಇರಬೇಕೋ ಕೆಸರಿನ ಹೊಂಡ ಇರಬೇಕೋ ಅಂತ ಹೇಳ್ತೈತಿ. ಕ್ಯಾರಲ್ ಶಾ ಅನ್ನೋ ಹೆಣ್ಮಗಳು ಬರದ ರಿವರ್ ರೇಡ್ ಹೊಳಿನೂ ಸೂತ್ರದಿಂದಲೇ ಹುಟ್ಟೋದು, ಅದಕ್ಕ ಎಷ್ಟು ಸಲ ಆಡಿದ್ರೂ ದಂಡಿ ಅದೇ ಜಾಗದಾಗ ತಿರುಗ್ತೈತಿ, ಬಾಯಿಪಾಠ ಮಾಡಬಹುದು.

ಆಗ ಪಿಟ್‌ಫಾಲ್‌ನಾಗ 20,000 ಪಾಯಿಂಟ್ ದಾಟಿದ್ರ ಟಿವಿ ಫೋಟೊ ಹೊಡದು ಕಂಪನಿಗೆ ಪೋಸ್ಟ್ ಮಾಡಬೇಕಿತ್ತು, ಅವ್ರು ಅಂಗಿಗೆ ಹೊಲ್ಕೊಳ್ಳೋ ಬಟ್ಟಿ ಬ್ಯಾಡ್ಜ್ ಕಳಸ್ತಿದ್ರು. ರಿವರ್ ರೇಡಿಗೆ 15,000. ನೀವೂ ಅದೇ ಗುರಿ ಇಟ್ಕೊಳ್ರಿ, ಫೋಟೊನ ವಾಟ್ಸಾಪ್ ಗ್ರೂಪಿಗೆ ಹಾಕ್ರಿ.

1983ರಾಗ ಅಂಗಡ್ಯಾಗ ಕಸದಂಗ ಆಟ ತುಂಬಿ ಅಮೆರಿಕದ ಮಾರ್ಕೆಟ್ಟೇ ಬಿತ್ತು. ಮಿಲ್ಲರ್, ವೈಟ್‌ಹೆಡ್ ಹೋಗಿ ಅಕೊಲೇಡ್ ಅನ್ನೋ ಬ್ಯಾರೆ ಗೇಮ್ ಕಂಪನಿ ಕಟ್ಟಿದ್ರು, ಕ್ರೇನೂ 1986ರಾಗ ಬಿಟ್ರು, 1988ಕ್ಕ ಆಕ್ಟಿವಿಷನ್ ಹೆಸರೇ ಮೀಡಿಯಾಜೆನಿಕ್ ಆತು. ಆಮ್ಯಾಲೆ ಬಾಬಿ ಕೋಟಿಕ್ ಅನ್ನೋ ವ್ಯಾಪಾರಸ್ಥನ ಕೈಗೆ ಬಂದು ಹಳೇ ಹೆಸರು ತಿರುಗಿ ಬಂತು, 2023ರಾಗ ಮೈಕ್ರೋಸಾಫ್ಟ್ ತಗೊಂತು. ಕಾಲ್ ಆಫ್ ಡ್ಯೂಟಿ ಆಡೋ ಹುಡುಗ್ರು ನೋಡೋ ಹೆಸರು ಇದೇ.

ಸೆಟ್ ಚಾಲೂ ಆಗಲಿಲ್ಲಂದ್ರ ಲ್ಯಾಪ್‌ಟಾಪಿಗೆ ಸ್ಟೆಲ್ಲಾ ಅನ್ನೋ ಫ್ರೀ ಎಮ್ಯುಲೇಟರ್ (ಅಟಾರಿ ಮಷೀನಿನಂಗ ನಡಿಯೋ ಸಾಫ್ಟ್‌ವೇರ್) ಹಾಕ್ಕೊಳ್ರಿ, ಎಫ್1 ಸೆಲೆಕ್ಟು, ಎಫ್2 ರೀಸೆಟ್ಟು, ಸ್ಪೇಸ್ ಒತ್ತಿದ್ರ ಬಟನ್ನು. ಪಿಟ್‌ಫಾಲ್ ಶುರು ಆದ ಕೂಡ್ಲೇ ಎಲ್ಲಾರೂ ಬಲಕ್ಕ ಓಡ್ತಾರ, ನೀವು ಎಡಕ್ಕ ಓಡ್ರಿ, ಉರುಳೋ ದಿಮ್ಮಿ ನಿಮ್ಮ ಕಡೆ ಎದುರಿಗೆ ಬರಂಗಿಲ್ಲ. ಏಣಿ ಇಳದು ಸುರಂಗದಾಗ ಹೋದ್ರ ಒಂದಕ್ಕ ಮೂರು ಸ್ಕ್ರೀನ್ ದಾಟತೀರಿ, ಬರೇ 20 ನಿಮಿಷ ಇರೋದು, 32 ಗಂಟು ಹುಡುಕಬೇಕು.