ಏರ್‌ಲೈನ್‌ಗೆ ಹೋಗದೆ ಚಾರ್ಟರ್ ಡೆಸ್ಕ್: ನನ್ನ ಅನುಭವ

"ಏರ್‌ಲೈನ್‌ನಲ್ಲಿ ಎರಡು ವರ್ಷ ಕೂರದೆ ಚಾರ್ಟರ್‌ನವರು ನಿನ್ನ ಒಳಗೇ ಬಿಡಲ್ಲ" ಎಂದು ನನ್ನ ಬ್ಯಾಚಿನವರೆಲ್ಲ ಹೇಳಿದ್ದರು. ಚಾರ್ಟರ್ ಅಂದರೆ ಇಡೀ ವಿಮಾನವನ್ನೇ ಬಾಡಿಗೆಗೆ ಹಾರಿಸುವ ಕಂಪನಿ. ಈಗ ಆ ಬ್ಯಾಚಿನವರೇ, ನನಗೆ ಅಲ್ಲಿ ಕೆಲಸ ಕೊಡಿಸಿದ ಫೈಲ್ ಕಳಿಸು ಎಂದು ಮೆಸೇಜ್ ಹಾಕುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಡಿಸ್ಪ್ಯಾಚರ್ (ನೆಲದಲ್ಲಿ ಕೂತು ಹಾರಾಟ ಯೋಜಿಸಿ, ಗಮನಿಸುವವನು) ಕೋರ್ಸಿಗೆ ಸುರಿದದ್ದು ಈಗಿನ ಏಳೆಂಟು ತಿಂಗಳ ಸಂಬಳದಷ್ಟು. ಲೈಸೆನ್ಸ್ ಬಂದ ಮೇಲೆ ವರ್ಷದ ಹತ್ತಿರ ಏರ್‌ಲೈನ್‌ಗಳಿಗೆ ಅರ್ಜಿ ಹಾಕಿದೆ. ಬಹುಪಾಲು ಉತ್ತರವೇ ಇಲ್ಲ. ಆಮೇಲೆ ಒಂದು ಹ್ಯಾಂಡ್ಲಿಂಗ್ ಕಂಪನಿಯ (ನೆಲದ ಮೇಲೆ ವಿಮಾನಕ್ಕೆ ಬೇಕಾದ ಸೇವೆ ಕೊಡುವವರು) ರ‍್ಯಾಂಪ್ ಕೆಲಸ, ಅಂದರೆ ನಿಂತ ವಿಮಾನದ ಸುತ್ತಲಿನ ಕೆಲಸ. ಆರು ತಿಂಗಳಲ್ಲಿ ಆಪ್ಸ್‌ಗೆ (ಹಾರಾಟ ನಿರ್ವಹಣೆಯ ಡೆಸ್ಕ್) ಹಾಕ್ತೀವಿ ಅಂದರು, ಹಾಕಲಿಲ್ಲ. ಓವರ್‌ಟೈಮ್ ದುಡ್ಡೂ ಪೂರ್ತಿ ಕೊಡಲಿಲ್ಲ.

ಚಾರ್ಟರ್ ಲೆಕ್ಕವೇ ಬೇರೆ. ಅಮೆರಿಕದ ನಿಯಮ ನೋಡಿ: ಪಾರ್ಟ್ 121 ಏರ್‌ಲೈನ್‌ಗೆ ಲೈಸೆನ್ಸ್ ಇರುವ ಡಿಸ್ಪ್ಯಾಚರ್ ಬೇಕೇ ಬೇಕು, ಪಾರ್ಟ್ 135 ಚಾರ್ಟರ್‌ಗೆ ಬೇಕಿಲ್ಲ. ಅಂದಮೇಲೆ ಬರೀ ಲೈಸೆನ್ಸ್ ತೋರಿಸಿ ಏನು ಉಪಯೋಗ? ನಡುರಾತ್ರಿ ಟ್ರಿಪ್ ಕೆಟ್ಟಾಗ ಒಬ್ಬನೇ ನಿಭಾಯಿಸುವವನು ಅವರಿಗೆ ಬೇಕು.

ಅದಕ್ಕೆ ನಾನೇ ಒಂದು ಟ್ರಿಪ್ ಹುಟ್ಟಿಸಿ ಅದರ ಪೂರ್ತಿ ಫೈಲ್ ಮಾಡಿದೆ. ಬೇಕಂತಲೇ ಸ್ವಿಟ್ಜರ್ಲೆಂಡಿನ ಸಮೇಡನ್ ವಿಮಾನ ನಿಲ್ದಾಣ ಆರಿಸಿದೆ. 1,707 ಮೀಟರ್ ಎತ್ತರ, ಸುತ್ತ ಬೆಟ್ಟ, ರಾತ್ರಿ ಬಂದ್, ಪೈಲಟ್‌ಗೆ ಪ್ರತ್ಯೇಕ ಬ್ರೀಫಿಂಗ್. ಪ್ರಯಾಣಿಕರು ಊಟ ಮುಗಿಸಿ ಎರಡು ಗಂಟೆ ತಡವಾಗಿ ಬಂದರು ಎಂದಿಟ್ಟುಕೊಂಡೆ. ಸಿಟಿಒಟಿ, ಅಂದರೆ ಟೇಕಾಫ್‌ಗೆ ಕೊಟ್ಟ ಸಮಯ, ಅದರ 5 ನಿಮಿಷ ಮುಂಚಿನಿಂದ 10 ನಿಮಿಷ ನಂತರದವರೆಗಿನ ಅವಕಾಶ ಕೈತಪ್ಪಿತು, ಸೂರ್ಯ ಮುಳುಗುತ್ತಾನೆ. ಆಗ ಜೂರಿಕ್‌ಗೆ ತಿರುಗಿಸಿ, ಪಿಪಿಆರ್ (ಇಳಿಯಲು ಮುಂಚಿನ ಅನುಮತಿ), ಪಾರ್ಕಿಂಗ್, ಕಾರು, ಕ್ರೂ ಡ್ಯೂಟಿ ಎಷ್ಟು ಉಳಿಯಿತು, ಗ್ರಾಹಕನಿಗೆ ಫೋನಿನಲ್ಲಿ ಏನು ಹೇಳಬೇಕು, ಎಲ್ಲ ಬರೆದೆ. ಮೊದಲ ಪುಟದಲ್ಲಿ ಏನು ಹಾಕಿದೆ ಅನ್ನೋದು ಮಾತ್ರ ಹೇಳಲ್ಲ. ಅದು ನನ್ನ ಅನ್ನ.

ಯಾರಿಗೆ ಕಳಿಸುವುದು? ಉಚಿತ ಫ್ಲೈಟ್ ಟ್ರ್ಯಾಕರ್ ಇಟ್ಟುಕೊಂಡು ಕೆಲವು ವಾರ ರಾತ್ರಿ ಹಾರುವ ಸಣ್ಣ ಜೆಟ್‌ಗಳನ್ನೇ ನೋಡಿದೆ. ಕೆಲವು ಕಂಪನಿಗೆ ವಿಮಾನ ನಾಲ್ಕೈದು, ಅರ್ಧ ಹಾರಾಟ ರಾತ್ರಿ. ಅಂಥವರಿಗೆ ನೈಟ್ ಡೆಸ್ಕ್‌ಗೆ ಜನ ಸಿಕ್ಕೋದೇ ಕಷ್ಟ. ಏರ್ ಆ್ಯಂಬುಲೆನ್ಸ್‌ನವರೂ ಹಾಗೆಯೇ. ಹತ್ತು-ಹನ್ನೆರಡು ಕಂಪನಿಗೆ ಕಳಿಸಿದೆ, ಮೂರೋ ನಾಲ್ಕೋ ಕರೆ ಬಂತು. ಸಂದರ್ಶನದಲ್ಲಿ ಲೈಸೆನ್ಸ್ ಬಗ್ಗೆ ಒಂದೇ ಪ್ರಶ್ನೆ, ಸಮೇಡನ್ ಬಗ್ಗೆ ಮುಕ್ಕಾಲು ಗಂಟೆ.

ನಡುವೆ ಟ್ಯಾಂಕರಿಂಗ್ (ಅಗ್ಗದ ಕಡೆಯೇ ಮುಂದಿನ ಹಾರಾಟದ ಇಂಧನವನ್ನೂ ತುಂಬಿಸಿಕೊಳ್ಳುವುದು) ಲೆಕ್ಕದ ಶೀಟ್ ಒಂದನ್ನೂ ಮಾಡಿದ್ದೆ. ಅಗ್ಗದ ಕಡೆ ಜಾಸ್ತಿ ಇಂಧನ ತುಂಬಿಸಿಕೊಂಡರೆ, ಅದನ್ನು ಹೊರಲಿಕ್ಕೇ ಗಂಟೆಗೆ ಅದರ ತೂಕದ ಶೇ 3-4ರಷ್ಟು ಸುಡುತ್ತದೆ. ಆದರೂ ಲಾಭ ಕಾಣುತ್ತಿತ್ತು. ಆದರೆ ಎಷ್ಟೋ ಕಡೆ ಇಷ್ಟು ಇಂಧನ ಕೊಂಡರೆ ಹ್ಯಾಂಡ್ಲಿಂಗ್ ಶುಲ್ಕ ಬಿಡುತ್ತಾರೆ ಅಲ್ವಾ? ಅದನ್ನು ಸೇರಿಸಿದ ಕೂಡಲೇ ಅರ್ಧ ಲಾಭ ಮಾಯ. ಶೀಟ್ ಈಗಲೂ ತಿದ್ದುತ್ತಿದ್ದೇನೆ.

ಸಂಬಳ ಏರ್‌ಲೈನ್‌ಗೆ ಹೋದ ಗೆಳೆಯನಿಗಿಂತ ಕಾಲು ಭಾಗ ಕಡಿಮೆ ಶುರುವಾಯಿತು. ರಾತ್ರಿ ಭತ್ಯೆ ಸೇರಿ ಈಗ ಹೆಚ್ಚುಕಮ್ಮಿ ಸಮ. ಆ ಭತ್ಯೆಯನ್ನು ಇಷ್ಟು ಎಂದು ಕಟ್ಟಿದ ಮೊತ್ತವಾಗಿ ಒಪ್ಪಬೇಡಿ. ಮೂಲ ಸಂಬಳದ ಶೇಕಡಾ ಲೆಕ್ಕದಲ್ಲಿ ಬರೆಸಿಕೊಳ್ಳಿ, ಸಂಬಳ ಏರಿದಾಗ ಅದೂ ಏರುತ್ತದೆ. ಫೋನಿನಲ್ಲಿ ಹ್ಞೂಂ ಅಂದರೆ ಸಾಲದು, ಆಫರ್ ಲೆಟರ್‌ನಲ್ಲೇ ಇರಲಿ.